ಬೋರ್‌ವೆಲ್ ನೀರಿಗೆ ಸಾಫ್ಟನರ್: ಕೆಲಸ ಎಲ್ಲಿಗೆ ಬಂತು

ಗಂಗಾವತಿಯ ನಮ್ಮ ಮನೆಗೆ ಸಾಫ್ಟನರ್, ಅಂದರೆ ನೀರಿನ ಗಡಸುತನ ತೆಗೆಯುವ ಸಾಧನ, ಕೂರಿಸುವ ಕೆಲಸ ಅರ್ಧ ದಾಟಿದೆ. ನೀರಿನ ಅಳತೆ ಮುಗಿದಿದೆ, ಸೈಜ್ ಗೊತ್ತಾಗಿದೆ. ಈಗ ಪೈಪ್ ಕೆಲಸ ನಡೆದಿದೆ.

ಅಂಗಡಿಗೆ ಹೋಗುವ ಮೊದಲೇ ಹಾರ್ಡ್‌ನೆಸ್ ಕಿಟ್ ತಂದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ, ಅಂದರೆ ಗಡಸುತನ, ಅಳೆಯುವುದು ಇದರ ಕೆಲಸ. ಬೋರ್ ನೀರಿಗೆ ಬಣ್ಣದ ಪುಡಿ ಹಾಕಿದ ಕೂಡಲೇ ಅದು ಕಡುಗೆಂಪಾಯಿತು. ಆಮೇಲೆ ಅವೆರಡನ್ನೂ ಹಿಡಿದುಕೊಳ್ಳುವ ಇಡಿಟಿಎ ಅನ್ನುವ ರಾಸಾಯನಿಕದ ದ್ರಾವಣ, ಒಂದೊಂದೇ ಹನಿ. ತುಂಬಾ ಹೊತ್ತು ಬಣ್ಣ ಕದಲಲೇ ಇಲ್ಲ. ಆಮೇಲೆ ಸ್ವಲ್ಪ ನೇರಳೆ ಕಂಡಿತು, ಇನ್ನೊಂದು ಹನಿಗೆ ಪೂರ್ತಿ ನೀಲಿ. ಹನಿ ಎಣಿಸಿದರೆ ಗಡಸುತನ ಲೀಟರಿಗೆ ಸುಮಾರು 600 ಮಿಲಿಗ್ರಾಂ! ಕುಡಿಯುವ ನೀರಿಗೆ ಭಾರತದ ಮಾನದಂಡ ಐಎಸ್ 10500 ಇಟ್ಟಿರುವ ಮಿತಿ 200. ಬೇರೆ ನೀರೇ ಸಿಗದಿದ್ದರೆ ಮಾತ್ರ 600ರವರೆಗೆ. ಗೀಸರ್ ಕಾಯಿಲ್ ಮೇಲೆ ಅಷ್ಟು ದಪ್ಪ ಸುಣ್ಣ ಯಾಕೆ ಕಟ್ಟುತ್ತದೆ ಅಂತ ಗೊತ್ತಾಯಿತು.

ಅಂಗಡಿಯಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಮೀಟರ್ ಅದ್ದಿ ತೋರಿಸುತ್ತಾರೆ. ಅದನ್ನು ನೋಡಿ ಸಾಫ್ಟನರ್ ಕೊಳ್ಳಬೇಡಿ. ಟ್ಯಾಂಕಿನೊಳಗೆ ಸಾಸಿವೆಗಿಂತ ಸಣ್ಣ ರೆಸಿನ್ ಕಾಳುಗಳಿರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಒಂದು ಹೋಗಿ ಇನ್ನೊಂದು ಬರುತ್ತದೆ, ಹಾಗಾಗಿ ಟಿಡಿಎಸ್ ಇಳಿಯುವುದಿಲ್ಲ. ಕಾಳು ತುಂಬಿದ ಮೇಲೆ ಉಪ್ಪು ನೀರು ಹಾಯಿಸಿ ತೊಳೆದರೆ ಮತ್ತೆ ಕೆಲಸಕ್ಕೆ ಸಿದ್ಧ. ಪೈಪಿಗೆ ಕಟ್ಟುವ ಮ್ಯಾಗ್ನೆಟ್ ನನಗೆ ಬೇಡವೇ ಬೇಡ, ಅದರಿಂದ ಕ್ಯಾಲ್ಸಿಯಂ ನೀರಿನಿಂದ ಆಚೆ ಹೋಗುವುದಿಲ್ಲ.

ಸೈಜಿನ ಲೆಕ್ಕ ಹೀಗೆ. ಬಚ್ಚಲು ಮತ್ತು ವಾಷಿಂಗ್ ಮೆಷಿನ್ ಸೇರಿ ದಿನಕ್ಕೆ 500 ಲೀಟರ್. ಅಂದರೆ ದಿನಕ್ಕೆ 300 ಗ್ರಾಂ ಗಡಸುತನ ತೆಗೆಯಬೇಕು. ಒಂದು ಲೀಟರ್ ರೆಸಿನ್ ಒಂದು ಸರದಿಗೆ ಸುಮಾರು 50 ಗ್ರಾಂ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ ನಾಲ್ಕು ದಿನ ಬರುತ್ತದೆ, ಪ್ರತಿ ತೊಳೆತಕ್ಕೆ ಮೂರು ಕಿಲೋ ಆಸುಪಾಸು ಕಲ್ಲುಪ್ಪು. ಈ ತೊಳೆತ ಶುರು ಮಾಡುವ ವಾಲ್ವ್ ಮಾತ್ರ ಮೀಟರ್ ಇರುವುದನ್ನೇ ಆರಿಸಿದೆ. ಟೈಮರ್ ವಾಲ್ವ್ ನಾವು ಊರಲ್ಲಿ ಇಲ್ಲದಾಗಲೂ ಸುಮ್ನೆ ತೊಳೆದು ಉಪ್ಪು ಹಾಳು ಮಾಡುತ್ತದೆ. ಮೀಟರ್ ಎಷ್ಟು ಲೀಟರ್ ಹರಿಯಿತು ಅಂತ ನೋಡಿಯೇ ತೊಳೆಯುತ್ತದೆ.

ಅಡುಗೆಮನೆ ಲೈನ್ ಬೇರೆಯೇ ಇಟ್ಟಿದ್ದೇನೆ. 600ರಷ್ಟು ಗಡಸುತನ ತೆಗೆದರೆ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ ಇರುವವರ ಮನೆಯಲ್ಲಿ ಅದು ಜಾಸ್ತಿ ಆಯಿತು ಅಲ್ವಾ? ಇನ್ನೊಂದು, ಕೊಪ್ಪಳ ರಾಯಚೂರು ಕಡೆಯ ಬೋರ್ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಇದೆ. ಸಾಫ್ಟನರ್ ಅದನ್ನು ಮುಟ್ಟುವುದೇ ಇಲ್ಲ. ಕುಡಿಯುವುದಕ್ಕೆ ಆರ್‌ಒ ಹಾಗೇ ಇರುತ್ತದೆ.

"ತೊಳೆದ ನೀರು ನುಗ್ಗಿ ಗಿಡಕ್ಕ ಬಿಡ್ಲೇನು?" ಅಂತ ಅವ್ವ ಕೇಳಿದಳು. ಖಂಡಿತ ಬೇಡ ಅಂದೆ. ನಮ್ಮದು ಎರೆ ಮಣ್ಣು. ಸೋಡಿಯಂ ಸೇರಿದರೆ ಜೇಡಿ ಬಿಗಿದುಕೊಂಡು ನೀರು ಇಳಿಯುವುದಿಲ್ಲ. ಸವಳು ಬಿದ್ದ ಹೊಲಗಳನ್ನು ಕಾಲುವೆ ಸೀಮೆಯಲ್ಲಿ ನೋಡಿಯೇ ಬೆಳೆದವರು ನಾವು. ಗಿಡಗಳಿಗೆ ಬೋರ್ ನೀರೇ ನೇರ ಹೋಗುವಂತೆ ಸಾಫ್ಟನರಿನ ಮುಂಚೆಯೇ ಪೈಪ್ ಕವಲೊಡೆಯುವ ಒಂದು ಟೀ ಜಾಯಿಂಟ್ ಹಾಕಿಸಿದ್ದೇನೆ.

ಬೇಕಾದಾಗ ನೀರನ್ನು ಸಾಫ್ಟನರ್ ಬಿಟ್ಟು ನೇರ ಹಾಯಿಸುವ ಬೈಪಾಸ್ ವಾಲ್ವ್ ಕೂರಿಸುವುದು ಬಾಕಿ. ಅದಾದ ಮೇಲೆ ಅದೇ ಕಿಟ್ ಹಿಡಿದು ಸಾಫ್ಟನರಿಗೆ ಹೋಗುವ, ಅದರಿಂದ ಬರುವ ಎರಡೂ ನೀರಿಗೆ ಹನಿ ಎಣಿಸಿ, ಎಷ್ಟು ಲೀಟರಿಗೆ ಗಡಸುತನ ಮತ್ತೆ ಇಣುಕುತ್ತದೆ ಅಂತ ಬರೆಯುತ್ತೇನೆ.