ಬಾಲ್ಯದ ಪುಸ್ತಕದ ಕೆಲಸ: ಯಾರನ್ನು ಯಾವ ಖಾನೆಗೆ ಹಾಕೋದು?

ಜೂನ್

ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕಳೆದ ದಿನಗಳನ್ನು ಬರೆಯುವ ಕೆಲಸ ಒಂದು ಹಂತಕ್ಕೆ ಬಂದಿದೆ. ಘಟನೆಗಳ ಪಟ್ಟಿ ಮುಗಿಯಿತು. ಈಗ ಜನರ ಸರದಿ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಮಾಡಿದ್ದೇನೆ. ಅಜ್ಜಿ, ಸೋದರಮಾವ, ಕೊಬ್ಬರಿ ಮಂಡಿಯ ರೈಟರು, ಸೈಕಲ್ ಶಾಪಿನವರು, ಟ್ಯೂಷನ್ ಮೇಷ್ಟ್ರು, ಮತ್ತೆ ಒಬ್ಬ ಗೆಳೆಯ. ನನ್ನನ್ನು ಒಂದಿಷ್ಟಾದರೂ ತಿದ್ದಿದವರು ಅಥವಾ ಕೆಡಿಸಿದವರು.

ವಿಂಗಡಿಸೋಕೆ ಸಿನಿಮಾ ಕಥೆ ಬರೆಯುವವರು ಬಳಸುವ ಪಾತ್ರಗಳ ಅಚ್ಚುಗಳನ್ನೇ ಇಟ್ಟುಕೊಂಡೆ. ಜೋಸೆಫ್ ಕ್ಯಾಂಬೆಲ್ 1949ರಲ್ಲಿ ಪುರಾಣದ ನಾಯಕರ ಬಗ್ಗೆ ಒಂದು ಪುಸ್ತಕ ಬರೆದರು. ಅದನ್ನು ಕಥೆಗಾರರಿಗೆ ಕೈಗೆಟುಕುವ ಹಾಗೆ ಮಾಡಿದ್ದು ಕ್ರಿಸ್ಟೋಫರ್ ವೋಗ್ಲರ್, 1992ರಲ್ಲಿ. ಗುರು, ಜೊತೆಗಾರ, ಬಾಗಿಲು ಕಾಯುವವನು, ಸುದ್ದಿ ತರುವವನು, ಬಣ್ಣ ಬದಲಿಸುವವನು, ಕೀಟಲೆಗಾರ, ನೆರಳು ಅಂದರೆ ಎದುರಾಳಿ. ಮೇಜಿನ ಮೇಲೆ ಚೀಟಿ ಅಂಟಿಸಿ ಕಾರ್ಡುಗಳನ್ನು ಹಂಚಿದೆ. ಕೆಲಸ ಬೇಗ ಮುಗಿಯಿತು. ಅಷ್ಟು ಬೇಗ ಮುಗಿದದ್ದೇ ಅನುಮಾನಕ್ಕೆ ಕಾರಣ. ಅಜ್ಜಿ ಗುರು, ಮಾವ ಕೀಟಲೆಗಾರ, ರೈಟರು ಬಾಗಿಲು ಕಾಯುವವರು. ಓದಿದರೆ ಯಾರದೋ ಮನೆಯ ಕಥೆ ಅನ್ನಿಸಿತು.

ವೋಗ್ಲರ್ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಇವು ಮುಖವಾಡಗಳಿದ್ದ ಹಾಗೆ, ಒಬ್ಬನೇ ಕಥೆಯ ಬೇರೆ ಬೇರೆ ಕಡೆ ಬೇರೆ ಬೇರೆ ಮುಖವಾಡ ಹಾಕಬಹುದು ಅಂತ ಅವರೇ ಹೇಳಿದ್ದಾರೆ. ಆದರೆ ನೆನಪು ಬರೆಯುವವನಿಗೆ ಅದೂ ಸಾಲದು. ಇಲ್ಲಿ ಮುಖವಾಡ ಹಾಕೋದು ಆ ಮನುಷ್ಯ ಅಲ್ಲ, ನೋಡುತ್ತಿರುವ ಹುಡುಗ. ಆಮೇಲೆ ಆ ಹುಡುಗನೇ ದೊಡ್ಡವನಾಗಿ ಅದನ್ನು ಕಿತ್ತು ಇನ್ನೊಂದು ಹಾಕುತ್ತಾನೆ, ಅಲ್ವಾ?

ಜೂನ್ ಕೊನೆ

ಕಾರ್ಡುಗಳನ್ನು ಬದಿಗಿಟ್ಟು ರಷ್ಯಾದ ಲೇಖಕ ಗಾರ್ಕಿ ತಮ್ಮ ಬಾಲ್ಯದ ಬಗ್ಗೆ ಬರೆದ ಪುಸ್ತಕ ಮತ್ತೆ ಓದಿದೆ. 1913-14ರಲ್ಲಿ ಬಂದದ್ದು. ಇಂಥ ಜನರನ್ನು ಬರೆಯೋದು ಹೇಗೆ ಅಂತ ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪುಸ್ತಕ ನನಗಂತೂ ಸಿಕ್ಕಿಲ್ಲ.

ತಾತ ಕಾಶಿರಿನ್‌ನನ್ನೇ ತಗೊಳ್ಳಿ. ನಿಜ್ನಿ ನವ್‌ಗೊರದ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಯಜಮಾನ. ಶನಿವಾರ ಬಂತೆಂದರೆ ಮೊಮ್ಮಕ್ಕಳಿಗೆ ಬರ್ಲಿನ ಏಟು. ಅಲ್ಯೋಶಾ, ಅಂದರೆ ಹುಡುಗ ಗಾರ್ಕಿ, ಹಬ್ಬದ ಬಿಳಿ ಮೇಜುಬಟ್ಟೆಯನ್ನು ಬಣ್ಣದ ತೊಟ್ಟಿಗೆ ಅದ್ದಿದ ಅಂತ ಪ್ರಜ್ಞೆ ತಪ್ಪುವವರೆಗೆ ಹೊಡೆಯುತ್ತಾನೆ. ಇಲ್ಲಿಗೆ ‘ನೆರಳು’ ಅಂತ ಖಾನೆಗೆ ಹಾಕಿ ಮುಗಿಸಬಹುದಿತ್ತು. ಆದರೆ ಹುಡುಗ ಹಾಸಿಗೆ ಹಿಡಿದಿದ್ದಾಗ ಅದೇ ತಾತ ತಿಂಡಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಾನೆ. ತಾನು ಹರೆಯದಲ್ಲಿ ವೋಲ್ಗಾ ನದಿಯ ದಡದಲ್ಲಿ ಹೆಗಲಿಗೆ ಹಗ್ಗ ಕಟ್ಟಿಕೊಂಡು ಸರಕಿನ ದೋಣಿ ಎಳೆದ ಕಥೆ ಹೇಳುತ್ತಾನೆ. ಸಂಜೆಯವರೆಗೆ ಹೇಳುತ್ತಾನೆ. ಹುಡುಗನಿಗೆ ಅವನು ಎದ್ದು ಹೋಗೋದು ಬೇಡ ಅನ್ನಿಸುತ್ತದೆ. ಮುಂದೆ ಅಕ್ಷರ ಕಲಿಸುವವನೂ ಅವನೇ. ತಾಯಿ ಸತ್ತ ಮೇಲೆ, ನೀನೇನು ನನ್ನ ಕೊರಳಿಗೆ ಹಾಕಿಕೊಳ್ಳೋ ಪದಕ ಅಲ್ಲ, ಹೋಗು, ದುಡಿದು ತಿನ್ನು ಅಂತ ಮನೆಯಿಂದ ಕಳಿಸುವವನೂ ಅವನೇ.

ಇಷ್ಟೆಲ್ಲ ಒಂದೇ ಮನುಷ್ಯ. ಗಾರ್ಕಿ ಇವನನ್ನು ಕ್ಷಮಿಸಿಲ್ಲ, ಶಪಿಸಿಯೂ ಇಲ್ಲ. ಏಟು ತಿಂದ ಹುಡುಗನ ಸಿಟ್ಟನ್ನು ಹಾಗೇ ಬಿಟ್ಟು, ದೋಣಿ ಎಳೆದ ಹೆಗಲನ್ನೂ ತೋರಿಸಿದ್ದಾರೆ. ಎರಡರ ನಡುವೆ ‘ಆದರೂ’ ಅಂತ ಒಂದು ಸೇತುವೆ ಕಟ್ಟಲು ಹೋಗಿಲ್ಲ.

ಇನ್ನೊಬ್ಬ ಮನೆಯ ಬಾಡಿಗೆದಾರ. ಕೋಣೆಯಲ್ಲಿ ಸೀಸೆ, ಸೀಸ, ಏನೇನೋ ದ್ರಾವಣ ಇಟ್ಟುಕೊಂಡು ಪ್ರಯೋಗ ಮಾಡುತ್ತಿರುತ್ತಾನೆ. ಏನಂದರೂ ‘ಒಳ್ಳೆ ಕೆಲಸ’ ಅನ್ನುತ್ತಾನೆ, ಅದೇ ಅವನ ಅಡ್ಡಹೆಸರು. ಮನೆಯವರಿಗೆ ಅವನು ಮಾಟಗಾರ. ಕೊನೆಗೆ ಓಡಿಸುತ್ತಾರೆ. ಹುಡುಗನಿಗೆ ಅವನು ಸುಮ್ನೆ ಜೊತೆಗೆ ಕೂರುವ ದೊಡ್ಡವನು. ಬರೆಯುವ ಗಾರ್ಕಿಗೆ ಮಾತ್ರ ಅವನು ಸ್ವಂತ ದೇಶದಲ್ಲೇ ಪರಕೀಯರಾದ, ಆ ದೇಶದ ಅತ್ಯುತ್ತಮ ಜನರ ಸಾಲಿನಲ್ಲಿ ಮೊದಲನೆಯವನು. ಮೂರು ಕಣ್ಣು, ಮೂರು ಚೀಟಿ.

ಈ ಪುಸ್ತಕದಲ್ಲೇ ಒಂದು ಮಾತಿದೆ. ಬಾಲ್ಯದಲ್ಲಿ ನಾನೊಂದು ಜೇನುಗೂಡಾಗಿದ್ದೆ, ಸಾಧಾರಣ ಜನ ತಂತಮ್ಮ ಅನುಭವದ ಜೇನು ತಂದು ತುಂಬಿದರು, ಎಷ್ಟೋ ಸಲ ಅದು ಕೊಳಕಾಗಿಯೂ ಕಹಿಯಾಗಿಯೂ ಇತ್ತು ಅನ್ನುವ ಅರ್ಥದ್ದು. ಮೇಜಿನ ಮೇಲಿದ್ದ ಖಾನೆಗಳ ಚೀಟಿ ಕಿತ್ತು, ಅಲ್ಲಿ ಇದನ್ನು ಬರೆದು ಅಂಟಿಸಿದೆ.

ಜುಲೈ

ಹೊಸ ಏರ್ಪಾಡು. ಪ್ರತಿ ಕಾರ್ಡಿನಲ್ಲೂ ಎರಡು ಬಣ್ಣ. ಆಗ ಆ ವ್ಯಕ್ತಿ ನನಗೆ ಏನಾಗಿದ್ದರು ಅನ್ನೋದು ನೀಲಿಯಲ್ಲಿ. ಈಗ ಏನಾಗಿ ಕಾಣುತ್ತಾರೆ ಅನ್ನೋದು ಕೆಂಪಿನಲ್ಲಿ. ಎರಡೂ ಬೇರೆಯಾದರೆ ಯಾವ ಘಟನೆಯಿಂದ ಬೇರೆಯಾಯಿತು ಅಂತ ಕೆಳಗೆ. ಅಚ್ಚುಗಳ ಹೆಸರನ್ನು ಬಿಟ್ಟಿಲ್ಲ, ಗುರುತಿಗೆ ಚೆನ್ನಾಗಿವೆ. ಮನುಷ್ಯನಿಗೆ ಅಂಟಿಸೋದು ಬಿಟ್ಟು ಘಟನೆಗೆ ಅಂಟಿಸುತ್ತಿದ್ದೇನೆ, ಅಷ್ಟೇ.

ಇದು ನಡೆಯುತ್ತದಾ ಅಂತ ನೋಡೋಕೆ ಗೊತ್ತಿರುವ ಬೇರೆ ಬದುಕುಗಳ ಮೇಲೆ ಹಾಕಿ ನೋಡಿದೆ.

ಕುವೆಂಪು ಮತ್ತು ಜೇಮ್ಸ್ ಕಸಿನ್ಸ್. 1924, ಮೈಸೂರು. ತಾನು ಬರೆದ ಇಂಗ್ಲಿಷ್ ಪದ್ಯಗಳನ್ನು ಹಿಡಿದು ಹತ್ತೊಂಬತ್ತರ ಹುಡುಗ ಆ ಐರಿಷ್ ಕವಿಯ ಹತ್ತಿರ ಹೋಗುತ್ತಾನೆ. ಅವರು ನಿನ್ನ ಭಾಷೆಯಲ್ಲಿ ಬರಿ ಅನ್ನುತ್ತಾರೆ. ಹೊಗಳಿಕೆ ಕೇಳಲು ಹೋದವನಿಗೆ ಆ ಮಾತು ರುಚಿಸಲಿಲ್ಲ. ನೀಲಿಯಲ್ಲಿ: ಬಾಗಿಲು ಮುಚ್ಚಿದವರು. ಕೆಂಪಿನಲ್ಲಿ: ಸುದ್ದಿ ತಂದವರು. ಒಂದು ಭೇಟಿ ಸಾಕಾಯಿತು. ವರ್ಷಗಟ್ಟಲೆ ಕೈ ಹಿಡಿದು ನಡೆಸಿದ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯನವರು, ‘ಶ್ರೀ ರಾಮಾಯಣ ದರ್ಶನಂ’ ಅರ್ಪಣೆಯಾಗಿರುವುದು ಅವರಿಗೆ. ಅಲ್ಲಿ ನೀಲಿ ಕೆಂಪು ಎರಡೂ ‘ಗುರು’ವೇ. ಆದರೆ ಕಥೆಯ ತಿರುವು ಅಂತ ಎಲ್ಲರೂ ಹೇಳೋದು ಕಸಿನ್ಸ್ ಪ್ರಸಂಗವನ್ನೇ. ಬಣ್ಣ ಬದಲಾದ ಕಡೆ ಕಥೆ ಹುಟ್ಟುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇಕಾ?

ಗಾಂಧಿಯವರ ಆತ್ಮಕಥೆ ಇನ್ನೂ ಮಜಾ. 1925ರಿಂದ ವಾರವಾರ ‘ನವಜೀವನ’ದಲ್ಲಿ ಬಂದದ್ದು. ಹೈಸ್ಕೂಲಿನ ಗೆಳೆಯನೊಬ್ಬ ಮಾಂಸ ತಿಂದರೆ ಇಂಗ್ಲಿಷರ ಹಾಗೆ ಬಲ ಬರುತ್ತೆ ಅಂತ ನಂಬಿಸುತ್ತಾನೆ. ಓಡುತ್ತಾನೆ, ಜಿಗಿಯುತ್ತಾನೆ, ಕತ್ತಲೆಗೆ ಹೆದರಲ್ಲ. ಕತ್ತಲೆ, ಕಳ್ಳರು, ಹಾವು ಅಂದರೆ ನಡುಗುತ್ತಿದ್ದ ಮೋಹನದಾಸನಿಗೆ ಅವನೇ ಮಾದರಿ. ತಾಯಿ, ಅಣ್ಣ, ಹೆಂಡತಿ ಮೂವರೂ ಅವನ ಸಹವಾಸ ಬೇಡ ಅಂದರೂ ಕೇಳಲಿಲ್ಲ. ನಾನೇ ಅವನನ್ನು ತಿದ್ದುತ್ತೇನೆ ಅನ್ನೋ ಹುಮ್ಮಸ್ಸು ಬೇರೆ. ದೊಡ್ಡವರಾಗಿ ಬರೆಯುವಾಗ ಆ ಅಧ್ಯಾಯಗಳಿಗೆ ಇಟ್ಟ ಹೆಸರು ‘ದುರಂತ’. ಅವನ ಹೆಸರನ್ನು ಮಾತ್ರ ಬರೆಯಲಿಲ್ಲ. ಅದು ಶೇಖ್ ಮೆಹ್ತಾಬ್ ಅಂತ ನಮಗೆ ಗೊತ್ತಾಗೋದು ಬೇರೆಯವರು ಬರೆದದ್ದರಿಂದ.

ಅದೇ ಪುಸ್ತಕದಲ್ಲಿ ಮಕ್ಕಳ ದಾದಿ ರಂಭಾ ಇದ್ದಾಳೆ. ದೆವ್ವದ ಭಯಕ್ಕೆ ರಾಮನಾಮ ಹೇಳಿಕೊಟ್ಟವಳು. ನಾಲ್ಕು ಸಾಲಿನ ಪಾತ್ರ, ಬದುಕಿನುದ್ದಕ್ಕೂ ಉಳಿದ ಮಾತು. ಆಮೇಲೆ ಜೈನ ಕವಿ, ವ್ಯಾಪಾರಿ ರಾಯಚಂದ್‌ಭಾಯಿ. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದಾಗ ಬೊಂಬಾಯಿಯಲ್ಲಿ ಪರಿಚಯ. ಅಷ್ಟು ಗೌರವ ಇಟ್ಟುಕೊಂಡೂ ಅವರನ್ನು ಗುರುವಿನ ಪೀಠದಲ್ಲಿ ಕೂರಿಸಲು ಆಗಲಿಲ್ಲ, ಅದು ಖಾಲಿಯೇ ಉಳಿದಿದೆ ಅಂತ ಗಾಂಧಿಯವರು ನೇರವಾಗಿ ಬರೆದಿದ್ದಾರೆ. ನಾವಾಗಿದ್ದರೆ ಪುಸ್ತಕ ಚೆನ್ನಾಗಿ ಕಾಣಲಿ ಅಂತ ಕೂರಿಸಿಬಿಡುತ್ತಿದ್ದೆವು.

ಆಗಸ್ಟ್

ನನ್ನ ಕಾರ್ಡುಗಳು. ಮಂಡಿಯ ರೈಟರು, ನೀಲಿ: ಬಾಗಿಲು ಕಾಯುವವರು. ಅವರ ಮೇಜಿನ ಮೇಲೆ ವಾರಪತ್ರಿಕೆ ಇರುತ್ತಿತ್ತು. ಲೆಕ್ಕದ ಪುಸ್ತಕದ ಒಂದು ಪುಟ ಕೂಡಿ ತೋರಿಸದೆ ಅದು ನನ್ನ ಕೈಗೆ ಬರುತ್ತಿರಲಿಲ್ಲ. ತಪ್ಪಾದರೆ ‘ಮತ್ತೆ ಕೂಡೋ ಮರಿ’ ಅನ್ನೋರು, ತಲೆ ಎತ್ತದೆ. ಜಿಪುಣ ಅಂದುಕೊಂಡಿದ್ದೆ. ಕೆಂಪಿನಲ್ಲಿ ಬರೆಯುವಾಗ ಕೈ ನಿಂತಿತು. ಗುರು ಅನ್ನೋಣ ಅಂದರೆ, ಅವರು ನನಗೆ ಕಲಿಸುತ್ತಿದ್ದರೋ, ತಮ್ಮ ಕೆಲಸ ಹಗುರ ಮಾಡಿಕೊಳ್ಳುತ್ತಿದ್ದರೋ? ಎರಡನ್ನೂ ಬರೆದಿದ್ದೇನೆ. ಈ ಅಧ್ಯಾಯ ಮುಗಿದಿದೆ, ನನಗೆ ಇಷ್ಟವೂ ಆಗಿದೆ.

ಸೋದರಮಾವ ಸುಲಭ. ನೀಲಿ: ಹೀರೋ. ಸೆಕೆಂಡ್ ಶೋಗೆ ಕರೆದುಕೊಂಡು ಹೋಗುವವರು, ಮನೆಗೆ ಬಂದರೆ ಎಲ್ಲರನ್ನೂ ನಗಿಸುವವರು. ಅಜ್ಜಿಯ ಬಳೆ ಅಡ ಇಟ್ಟು ಆ ದುಡ್ಡಿನಲ್ಲಿ ನಮಗೆಲ್ಲ ಟಿಕೆಟ್ ತೆಗೆಸಿದ್ದರು ಅನ್ನೋದು ಆಮೇಲೆ ತಿಳಿದದ್ದು. ಆದರೆ ಹುಡುಗನ ನಗುವನ್ನು ಹಿಂದಕ್ಕೆ ಹೋಗಿ ಅಳಿಸಬಾರದು ಅಂತ ತೀರ್ಮಾನಿಸಿದ್ದೇನೆ. ಸಿನಿಮಾ ಚೆನ್ನಾಗಿತ್ತು.

ಕಷ್ಟ ಆಗಿದ್ದು ಅಜ್ಜಿ. ಎರಡೂ ಬಣ್ಣದಲ್ಲಿ ಒಂದೇ ಮಾತು. ಅದಕ್ಕೇ ಅವಳ ಅಧ್ಯಾಯ ಗೋಡೆಗೆ ಹಾಕಿದ ಫೋಟೋ ಹಾಗೆ ಚಪ್ಪಟೆ. ಮತ್ತೆ ಗಾರ್ಕಿಯ ಹತ್ತಿರ ಹೋದೆ. ಅಲ್ಲಿನ ಅಜ್ಜಿಯಷ್ಟು ಪ್ರೀತಿಯ ಪಾತ್ರ ಬೇರೆ ಇಲ್ಲ. ಆದರೂ ಅವಳು ವೋಡ್ಕಾ ಕುಡಿಯುತ್ತಾಳೆ. ತಾತ ಹೊಡೆದ ಏಟಿಗೆ ಕೂದಲ ಪಿನ್ನು ನೆತ್ತಿಗೆ ಚುಚ್ಚಿಕೊಂಡರೂ ಯಾರಿಗೂ ಹೇಳಬೇಡ ಅನ್ನುತ್ತಾಳೆ. ಹುಡುಗ ಸಿಟ್ಟಿಗೆ ತಾತನ ಸಂತರ ಚಿತ್ರಗಳ ತಲೆಗಳನ್ನು ಕತ್ತರಿಯಿಂದ ಕತ್ತರಿಸೋಕೆ ಶುರು ಮಾಡುತ್ತಾನೆ. ಅಂದರೆ ಅಜ್ಜಿಯ ತಾಳ್ಮೆ ಅವನಿಗೆ ಹಿಡಿಸಲಿಲ್ಲ. ಪ್ರೀತಿಸುತ್ತಲೇ ಒಪ್ಪಲಿಲ್ಲ.

ನನಗೂ ಒಪ್ಪದ ಒಂದು ವಿಷಯ ಇತ್ತು. ಸೈಕಲ್ ಶಾಪಿನವರು ಬಂದರೆ ನಮ್ಮ ಮನೆಯಲ್ಲಿ ಕಾಫಿಗೆ ಬೇರೆ ಲೋಟ. ಜಗಲಿಯ ಗೂಡಿನಲ್ಲಿ ಇರುತ್ತಿತ್ತು. ಕುಡಿದು ಅವರೇ ತೊಳೆದು ಇಡುತ್ತಿದ್ದರು. ಒಂದು ದಿನ ನಾನು ಅವರಿಗೆ ನನ್ನ ಲೋಟದಲ್ಲೇ ಕೊಟ್ಟೆ. ಅಜ್ಜಿ ಬೈಯಲಿಲ್ಲ. ಮಾತೇ ಆಡಲಿಲ್ಲ, ರಾತ್ರಿ ಊಟದವರೆಗೂ. ಇದನ್ನು ಘಟನೆಗಳ ಪಟ್ಟಿಯಲ್ಲಿ ಸೇರಿಸಿಯೇ ಇರಲಿಲ್ಲ. ಈಗ ಅಜ್ಜಿಯ ಅಧ್ಯಾಯ ಅಲ್ಲಿಂದಲೇ ಶುರುವಾಗುತ್ತದೆ. ಸೈಕಲ್ ಶಾಪಿನವರ ಕಾರ್ಡಿನಲ್ಲಿ ‘ಜೊತೆಗಾರ’ ಅಂತ ಇತ್ತು. ಅವರು ಲೋಟ ತೊಳೆಯುವಾಗ ನನ್ನ ಬಗ್ಗೆ, ನಮ್ಮ ಮನೆಯ ಬಗ್ಗೆ ಏನಂದುಕೊಂಡಿದ್ದರು ಅನ್ನೋದಕ್ಕೆ ಮೂರನೇ ಬಣ್ಣ ಬೇಕು. ಅದನ್ನು ಊಹಿಸಿ ಬರೆಯಲ್ಲ, ಜಾಗ ಖಾಲಿ ಬಿಟ್ಟಿದ್ದೇನೆ.

ಈಗಿನ ಸ್ಥಿತಿ

ರೈಟರು, ಮಾವ ಮುಗಿದರು. ಅಜ್ಜಿ ಅರ್ಧ ಆಗಿದೆ. ಗೆಳೆಯನ ಅಧ್ಯಾಯಕ್ಕೆ ಗಾಂಧಿಯವರ ದಾರಿಯನ್ನೇ ಹಿಡಿಯುತ್ತೇನೆ, ಹೆಸರು ಇರಲ್ಲ. ಊರಲ್ಲಿ ಅವನಿಗೆ ಹೆಂಡತಿ ಮಕ್ಕಳು ಇದ್ದಾರೆ. ಟ್ಯೂಷನ್ ಮೇಷ್ಟ್ರ ಕಾರ್ಡು ತೆಗೆದುಹಾಕಿದೆ. ಯಾವ ಬಣ್ಣದಲ್ಲೂ ಬರೆಯೋಕೆ ಏನೂ ಸಿಗಲಿಲ್ಲ. ಹೈಸ್ಕೂಲ್ ಪೂರ್ತಿ ಪಾಠ ಹೇಳಿದವರು, ಪಾಪ.