ಮಗಳ ಸೈಕಲ್ಲಿನ ಹಿಂದೆ ಒಂದು ತಿಂಗಳು

ಏಳನೇ ತರಗತಿಗೆ ಬಂದ ಮಗಳು ಇನ್ನು ಮುಂದೆ ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದಾಗ ನಾನು ಒಂದು ವಾರ ಒಪ್ಪಿರಲಿಲ್ಲ. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯಿಂದ ಸರಸ್ವತಿಪುರಂನ ಅವಳ ಶಾಲೆಗೆ ಎರಡೂವರೆ ಕಿಲೋಮೀಟರಿನಷ್ಟೇ ದೂರ. ಆದರೂ ನಡುವೆ ಎರಡು ದೊಡ್ಡ ರಸ್ತೆಗಳನ್ನು ದಾಟಬೇಕಾಗಿದ್ದರಿಂದ ಐದು ವರ್ಷ ನಾನೇ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದೆ. ಶಾಲೆಯ ಗೇಟಿನ ಮುಂದೆ ವಾಹನಗಳ ನಡುವೆ ಸಿಕ್ಕಿಕೊಂಡು ದಿನವೂ ಗೊಣಗುತ್ತಿದ್ದವಳಿಗೆ, ಆ ದಟ್ಟಣೆಯಲ್ಲಿ ನನ್ನದೂ ಒಂದು ಪಾಲಿದೆ ಎಂಬುದು ಹೊಳೆದದ್ದು ತಡವಾಗಿ.

ಮೊದಲ ಜಗಳ ಸೈಕಲ್ಲಿನ ಅಳತೆಯ ಬಗ್ಗೆ ನಡೆಯಿತು. "ಬೆಳೆಯೋ ಹುಡುಗಿ, ದೊಡ್ಡದನ್ನೇ ತಗೊಳ್ಳಿ, ಕಾಲೇಜಿನವರೆಗೂ ಬರುತ್ತೆ" ಎಂದು ಮನೆಯ ಹಿರಿಯರೆಲ್ಲ ಹೇಳಿದರು. ಅಪ್ಪನ ಗಂಡಸರ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತ, ಅದರ ಗುರುತನ್ನು ಇಂದಿಗೂ ಮೊಣಕಾಲಿನ ಮೇಲೆ ಹೊತ್ತಿರುವ ನಾನು ಆ ಮಾತಿಗೆ ಸೊಪ್ಪು ಹಾಕಲಿಲ್ಲ. ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸಬಹುದು, ಸೈಕಲ್ಲನ್ನು ಹಾಗೆ ಕೊಳ್ಳಲಾಗದು. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗಬೇಕು, ಹ್ಯಾಂಡಲ್ ಹಿಡಿದ ಬೆರಳುಗಳು ಚಾಚದೆಯೇ ಬ್ರೇಕಿಗೆ ಎಟುಕಬೇಕು. ಇವೆರಡನ್ನು ಅಂಗಡಿಯಲ್ಲೇ ಕೂರಿಸಿ ನೋಡಿ 24 ಇಂಚಿನ ಚಕ್ರದ ಸೈಕಲ್ಲನ್ನು ತಂದೆವು.

"ಹುಷಾರಾಗಿ ಹೋಗು" ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಆದರೆ ಹುಷಾರಾಗಿರುವುದೆಂದರೆ ಏನು ಮಾಡಬೇಕು ಎಂಬುದು ಮಗುವಿಗೆ ಆ ಮಾತಿನಿಂದ ತಿಳಿಯುವುದಿಲ್ಲ. ಆದ್ದರಿಂದ ನಾನೂ ತಂಗಿಯ ಹಳೆಯ ಸೈಕಲ್ಲೊಂದನ್ನು ಸರಿಪಡಿಸಿಕೊಂಡು, ವಾಹನಗಳು ಕಡಿಮೆಯಿರುವ ಭಾನುವಾರದ ಬೆಳಗ್ಗೆ ಅವಳೊಂದಿಗೆ ಶಾಲೆಯವರೆಗಿನ ದಾರಿಯನ್ನು ತುಳಿದು ನೋಡಿದೆ. ಅವಳು ಮುಂದೆ, ನಾನು ಹಿಂದೆ ತುಸು ಬಲಕ್ಕೆ. ಸ್ಕೂಟರಿನಲ್ಲಿ ಹೋಗುವ ಹತ್ತಿರದ ದಾರಿಯನ್ನು ಬಿಟ್ಟು ಒಳರಸ್ತೆಗಳಲ್ಲಿ ಸುತ್ತಿ ಹೋದರೆ ಐದು ನಿಮಿಷ ಹೆಚ್ಚು ಹಿಡಿಯುತ್ತದಾದರೂ ದೊಡ್ಡ ರಸ್ತೆಗಳನ್ನು ಸಿಗ್ನಲ್ ಇರುವಲ್ಲೇ ದಾಟಬಹುದು. ಅಲ್ಲಿ ಇಳಿದು, ಸೈಕಲ್ಲನ್ನು ತಳ್ಳಿಕೊಂಡು ಜೀಬ್ರಾ ಪಟ್ಟೆಯ ಮೇಲೆ ನಡೆದೇ ದಾಟಬೇಕೆಂದು ಒಪ್ಪಂದವಾಯಿತು. ಅವಳಿಗೆ ಇದು ಅವಮಾನವೆನಿಸಿತು, ನಾನು ಬಗ್ಗಲಿಲ್ಲ.

ನಿಂತ ಕಾರುಗಳಿಗೆ ಅಂಟಿಕೊಂಡಂತೆ ಹೋಗುವುದೇ ಸುರಕ್ಷಿತವೆಂದು ಅವಳು ತಿಳಿದಿದ್ದಳು, ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದಿದ್ದೆ. ಎರಡನೆಯ ಭಾನುವಾರ ನಮ್ಮ ಕಣ್ಣೆದುರೇ ಒಬ್ಬರು ಹಿಂದೆ ನೋಡದೆ ಕಾರಿನ ಬಾಗಿಲನ್ನು ತೆರೆದು, ಅವಳ ಹ್ಯಾಂಡಲ್ಲಿಗೆ ಅದು ಒಂದು ಗೇಣಿನಲ್ಲಿ ತಪ್ಪಿದ ಮೇಲೆ, ನಿಂತ ವಾಹನದಿಂದ ಒಂದು ಬಾಗಿಲಿನಷ್ಟು ದೂರ ಬಿಟ್ಟು ನೇರ ಗೆರೆಯಲ್ಲಿ ಸಾಗುವುದು ನಮ್ಮಿಬ್ಬರಿಗೂ ರೂಢಿಯಾಯಿತು.

ಎಲ್ಲಕ್ಕಿಂತ ಹೆಚ್ಚಿನ ಪಾಠ ಆದದ್ದು ನಮ್ಮ ಬೀದಿಯಲ್ಲಿ, ನಿಂತಿದ್ದ ಲಾರಿಯಲ್ಲಿ. ಅದನ್ನು ಓಡಿಸುವ ನೆರೆಯವರು ಮಗಳನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ನನ್ನನ್ನು ಸೈಕಲ್ಲಿನೊಂದಿಗೆ ಲಾರಿಯ ಎಡಮಗ್ಗುಲಿನ ಬಾಗಿಲಿನ ಕೆಳಗೆ ನಿಲ್ಲಿಸಿದರು. "ಏನ್ ಮರಿ, ನಿಮ್ಮಮ್ಮ ಕಾಣ್ತಾರಾ?" ಎಂದು ಕೇಳಿದರು. ಅವಳು ಕತ್ತು ಚಾಚಿ, ಕನ್ನಡಿಯನ್ನೂ ನೋಡಿ, "ಇಲ್ಲ ಅಂಕಲ್, ಎಲ್ಲೋದ್ರು?" ಎಂದಳು. ನಾನು ಅವಳಿಂದ ಎರಡು ಮಾರು ದೂರದಲ್ಲೂ ಇರಲಿಲ್ಲ. ಎಡಕ್ಕೆ ತಿರುಗುವಾಗ ಲಾರಿಯ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರದೆ ಇನ್ನಷ್ಟು ಒಳಕ್ಕೆ ಸರಿದು ಬರುತ್ತದೆಂಬುದನ್ನೂ ಅವರು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದರು. ಸಿಗ್ನಲ್ಲಿನಲ್ಲಿ ಬಸ್ಸು ಲಾರಿಗಳ ಎಡಗಡೆ ನುಸುಳಬಾರದು, ಹಿಂದೆಯೇ ನಿಲ್ಲಬೇಕು ಎಂದು ನಾನು ಆಮೇಲೆ ಬಿಡಿಸಿ ಹೇಳಬೇಕಾಗಲೇ ಇಲ್ಲ.

ಜೊತೆಗಾರರನ್ನು ಹುಡುಕಬೇಕೆಂಬ ಯೋಚನೆ ಬಂದದ್ದು ಅಕ್ಕನ ಮಗಳಿಂದ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ, ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಿದ್ದ ಯೋಜನೆಯಲ್ಲಿ ಅವಳಿಗೂ ಸೈಕಲ್ ಸಿಕ್ಕಿತ್ತು. ಮಂಡ್ಯ ಜಿಲ್ಲೆಯ ಅವರ ಹಳ್ಳಿಯಿಂದ ಪ್ರೌಢಶಾಲೆಗೆ ಆರು ಹುಡುಗಿಯರು ಒಟ್ಟಾಗಿ ಹೊರಡುತ್ತಿದ್ದರಂತೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಬಂದಾಗ ಮುಂದಿನವಳು "ಸಾಲು!" ಎಂದು ಕೂಗಿದರೆ ಮಾತನಾಡುತ್ತಾ ಜೋಡಿಯಾಗಿ ಹೋಗುತ್ತಿದ್ದವರೆಲ್ಲ ಒಬ್ಬರ ಹಿಂದೊಬ್ಬರಾಗುತ್ತಿದ್ದರಂತೆ. ಯಾರೂ ಕಲಿಸಿಕೊಟ್ಟದ್ದಲ್ಲ, ಅವರೇ ಕಟ್ಟಿಕೊಂಡ ನಿಯಮ. ಈಗ ನಮ್ಮ ಬಡಾವಣೆಯಿಂದಲೂ ಮೂವರು ಒಟ್ಟಿಗೆ ಹೊರಡುತ್ತಾರೆ, ಆ ಕೂಗನ್ನೂ ಎರವಲು ಪಡೆದಿದ್ದಾರೆ.

ಇನ್ನು ಸಣ್ಣಪುಟ್ಟ ಸಂಗತಿಗಳು. ಪುಸ್ತಕದ ಚೀಲ ಹ್ಯಾಂಡಲ್ಲಿಗೆ ನೇತುಬೀಳಬಾರದು, ಕ್ಯಾರಿಯರ್ ಮೇಲೆ ಬಿಗಿಯಾಗಿ ಕೂರಬೇಕು ಅಥವಾ ಬೆನ್ನಿಗಿರಬೇಕು. ಹೆಲ್ಮೆಟ್ ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂತು, ಗಲ್ಲದ ಪಟ್ಟಿ ಕಟ್ಟಿರಬೇಕು. ಚೂಡಿದಾರದ ವೇಲನ್ನು ಮಾತ್ರ ಸಣ್ಣಪುಟ್ಟದೆನ್ನಲಾರೆ. ಹೈಸ್ಕೂಲಿನಲ್ಲಿದ್ದಾಗ ನನ್ನ ವೇಲು ಹಿಂದಿನ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡು, ಕುತ್ತಿಗೆಯನ್ನು ಹಿಂದಕ್ಕೆ ಎಳೆದು ಬೀಳಿಸಿತ್ತು. ಪಿನ್ನು ಕಿತ್ತುಬಂದದ್ದರಿಂದ ಉಳಿದುಕೊಂಡೆ.

ಸೈಕಲ್ ಅಪಾಯವೆಂದು ನನಗೆ ಬುದ್ಧಿ ಹೇಳಿದವರಲ್ಲಿ ಒಬ್ಬರ ಮನೆಯ ಒಂಬತ್ತನೇ ತರಗತಿಯ ಹುಡುಗ ಟ್ಯೂಷನ್ನಿಗೆ ಸ್ಕೂಟಿಯಲ್ಲಿ ಹೋಗುತ್ತಾನೆ. ಅಪ್ರಾಪ್ತರು ಮೋಟಾರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗಿನ ಸೆರೆವಾಸ ವಿಧಿಸಲು 2019ರ ತಿದ್ದುಪಡಿಯ ನಂತರ ಕಾನೂನಿನಲ್ಲಿ ಅವಕಾಶವಿದೆ ಎಂದಾಗ ಅವರು ಮಾತನ್ನು ಮಳೆಯ ಕಡೆಗೆ ತಿರುಗಿಸಿದರು.

ಮಳೆಯ ಮಾತು ನಿಜವೇ. ರಿಮ್ಮು ನೆನೆದಾಗ ಬ್ರೇಕ್ ತಡವಾಗಿ ಹಿಡಿಯುತ್ತದೆಂಬುದನ್ನು ಮಗಳು ಜೂನಿನ ಮೊದಲ ಮಳೆಯಲ್ಲೇ ಕಂಡುಕೊಂಡಳು. ಅಂದಿನಿಂದ ಹಂಪು ಕಾಣುವ ಮೊದಲೇ ಎರಡೂ ಬ್ರೇಕುಗಳನ್ನು ಮೆಲ್ಲಗೆ ಒತ್ತತೊಡಗುತ್ತಾಳೆ. ಕಳೆದ ಸೋಮವಾರ "ಅಮ್ಮ, ನೀನು ಸಿಗ್ನಲ್‌ವರೆಗೆ ಬಂದ್ರೆ ಸಾಕು" ಎಂದಳು. ಅಲ್ಲಿ ನಿಂತು ನೋಡಿದೆ: ಇಳಿದಳು, ತಳ್ಳಿಕೊಂಡು ದಾಟಿದಳು, ಆಚೆ ಹತ್ತುವ ಮೊದಲು ಬಲಗಡೆ ತಿರುಗಿ ನೋಡಿದಳು. ನನ್ನ ಕಡೆ ಮಾತ್ರ ನೋಡಲಿಲ್ಲ.