ಹಬ್ಬದ ಮರುದಿನದ ದಾರಿಯಲ್ಲಿ ಕರ್ತನು

ರಾಯಚೂರು, ಕೊಪ್ಪಳ, ಬಳ್ಳಾರಿಯ ಸೀಮೆಗೆ ಪುನರುತ್ಥಾನದ ಹಬ್ಬವು, ಅಂದರೆ ಯೇಸು ಕರ್ತನು ಸತ್ತವರೊಳಗಿಂದ ಎದ್ದದ್ದನ್ನು ನೆನೆಯುವ ಈಸ್ಟರ್, ಬರುವುದು ಬಿಸಿಲು ಏರುವ ಕಾಲದಲ್ಲಿ. ಅಷ್ಟು ಹೊತ್ತಿಗೆ ಹಿಂಗಾರಿನ ಜೋಳ, ಕಡಲೆಯ ರಾಶಿ ಮುಗಿದಿರುತ್ತದೆ. ಕಾಲುವೆ ನೀರು ತಲುಪದ ಹಳ್ಳಿಗಳಲ್ಲಿ ಕೂಲಿಯೂ ಮುಗಿದಿರುತ್ತದೆ. ಹಬ್ಬಕ್ಕೆ ಮುಂಚಿನ ಶ್ರಮೆಯ ದಿನಗಳ ಉಪವಾಸ, ಶುಭ ಶುಕ್ರವಾರದ ದೀರ್ಘ ಆರಾಧನೆ, ಭಾನುವಾರ ನಸುಕಿನಲ್ಲೇ ಎದ್ದು ಸಭೆಗೆ ನಡೆದು 'ಕರ್ತನು ನಿಜವಾಗಿಯೂ ಎದ್ದಿದ್ದಾನೆ' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಂತೋಷ, ಇವೆಲ್ಲಕ್ಕಾಗಿ ಗುಳೆ ಹೋದವರಲ್ಲಿ ಬರಲು ಸಾಧ್ಯವಾದವರು ಬೆಂಗಳೂರಿನಿಂದ, ಪುಣೆಯಿಂದ ಬಂದಿರುತ್ತಾರೆ. ಸೋಮವಾರ ಬೆಳಗಾಗುತ್ತಲೇ ಅವರು ಚೀಲ ಹೊತ್ತು ಮತ್ತೆ ಬಸ್ ನಿಲ್ದಾಣದಲ್ಲಿರುತ್ತಾರೆ. ಊರಲ್ಲಿ ಉಳಿದವರು ಗಣಿಗೆ, ಜೀನ್ಸ್ ಹೊಲಿಯುವ ಮಿಷನ್ನಿಗೆ, ಹೊಲಕ್ಕೆ, ಒಲೆಯ ಮುಂದಕ್ಕೆ ಹಿಂತಿರುಗುತ್ತಾರೆ. ಭಾನುವಾರ ಅಷ್ಟು ಸಮೀಪವಾಗಿದ್ದ ದೇವರು ಸೋಮವಾರ ಎಲ್ಲಿರುತ್ತಾನೆ ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಬರುತ್ತದೆ, ಆದರೆ ಅದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ.

ಬೈಬಲಿನಲ್ಲಿ ಯೇಸುವಿನ ಚರಿತ್ರೆಯನ್ನು ಬರೆದವರಲ್ಲಿ ಒಬ್ಬನಾದ ಲೂಕನು ತನ್ನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುತ್ತಾನೆಂದು ನಾನು ನಂಬಿದ್ದೇನೆ. ಕರ್ತನು ಎದ್ದ ದಿನವೇ ಇಬ್ಬರು ಶಿಷ್ಯರು ಯೆರೂಸಲೇಮನ್ನು ಬಿಟ್ಟು ಸುಮಾರು 11 ಕಿಲೋಮೀಟರ್ ದೂರದ ಎಮ್ಮಾಹು ಎಂಬ ಹಳ್ಳಿಯ ದಾರಿ ಹಿಡಿಯುತ್ತಾರೆ. ಅವರಲ್ಲಿ ಒಬ್ಬನ ಹೆಸರು ಕ್ಲೆಯೊಫ. ಇನ್ನೊಬ್ಬರು ಯಾರೆಂದು ಲೂಕನು ಹೇಳುವುದಿಲ್ಲ. ನಿರೀಕ್ಷೆ ಇಟ್ಟುಕೊಂಡಿದ್ದೆವು, ಅದು ಮುಗಿಯಿತು ಎನ್ನುವುದೇ ಅವರ ಮಾತಿನ ಸಾರ. ಅಂಥ ಹೊತ್ತಿನಲ್ಲಿ ಯೇಸು ತಾನೇ ಹತ್ತಿರಕ್ಕೆ ಬಂದು ಅವರ ಸಂಗಡ ನಡೆಯತೊಡಗುತ್ತಾನೆ, ಆದರೆ ಅವರು ಆತನ ಗುರುತು ಹಿಡಿಯುವುದಿಲ್ಲ. ಇಲ್ಲಿ ನಾನು ಪ್ರತಿ ವರ್ಷವೂ ತಡೆದು ನಿಲ್ಲುತ್ತೇನೆ. ಅವರು ನಂಬಿಕೆಯ ಊರಿನ ಕಡೆಗೆ ಹೋಗುತ್ತಿರಲಿಲ್ಲ, ಅದನ್ನು ಬಿಟ್ಟು ಹೋಗುತ್ತಿದ್ದರು. ಕರ್ತನು ಅವರನ್ನು ಹಿಂದಕ್ಕೆ ಕರೆಯದೆ, ಗದರಿಸಿ ನಿಲ್ಲಿಸದೆ, ಅವರು ಹೋಗುತ್ತಿದ್ದ ದಿಕ್ಕಿಗೇ ಅವರ ಹೆಜ್ಜೆಗೆ ಹೆಜ್ಜೆ ಕೂಡಿಸಿದನು. ಮೊದಲು ಅವರ ದುಃಖವನ್ನು ಪೂರ್ತಿಯಾಗಿ ಕೇಳಿಸಿಕೊಂಡನು. ಮಂದಮತಿಗಳು ಎಂಬ ಮಾತು ಆತನ ಬಾಯಿಂದ ಬಂದದ್ದು ಅವರು ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ.

ದಾರಿಯುದ್ದಕ್ಕೂ ಆತನು ಮೋಶೆಯಿಂದ ಮೊದಲುಮಾಡಿ ಪ್ರವಾದಿಗಳ ತನಕ ಶಾಸ್ತ್ರವನ್ನು ಬಿಚ್ಚಿ ಹೇಳುತ್ತಾ ಹೋದಾಗ ತಮ್ಮ ಹೃದಯವು ಕುದಿಯಿತೆಂದು ಅವರು ಆಮೇಲೆ ನೆನೆಯುತ್ತಾರೆ. ಕಣ್ಣಿಗೆ ಕಾಣುವ ಮೊದಲೇ ಆತನು ಅವರಿಗೆ ಮಾತಿನಲ್ಲಿ ಸಮೀಪವಾಗಿದ್ದನು. ನಮ್ಮ ಸೀಮೆಯ ವಿಶ್ವಾಸಿಗಳು ಈ ವಚನವನ್ನು ಓದುವಾಗ ಕೃತಜ್ಞತೆಯಿಂದ ನೆನೆಯಬೇಕಾದ ಸಂಗತಿಯೊಂದಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿನ ಜನರ ನಡುವೆ ಕನ್ನಡ ಕಲಿತು, ವರ್ಷಗಟ್ಟಲೆ ಬೈಬಲಿನ ಭಾಷಾಂತರದಲ್ಲಿ ತೊಡಗಿದ್ದರು. ಅವರ ಜೊತೆ ದುಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ ಕೊಟ್ಟರು. ನಮ್ಮ ಮನೆಯ ಗೂಡಿನಲ್ಲಿರುವ ಬೈಬಲಿನ ಹಿಂದೆ ಈ ಊರಿನ ಬಿಸಿಲಿನಲ್ಲಿ ಕುಳಿತು ಒಂದೊಂದು ವಾಕ್ಯಕ್ಕೂ ತಡಕಾಡಿದವರ, ಅವರಿಗೆ ನುಡಿ ಕಲಿಸಿದ ಇಲ್ಲಿನ ಜನರ ದುಡಿಮೆಯಿದೆ. ಕನ್ನಡ ಕಲಿಸಿದವರ ಹೆಸರುಗಳು ನಮ್ಮ ನಾಲಿಗೆಯಲ್ಲಿ ಉಳಿದಿಲ್ಲ, ಆದರೆ ಅವರು ಆಡಿದ ನುಡಿಯಲ್ಲೇ ದೇವರ ವಾಕ್ಯವು ನಮ್ಮ ಕಿವಿಗೆ ಬೀಳುತ್ತಿದೆ. ರೊಟ್ಟಿ ಬಡಿಯುತ್ತಾ, ಯೆಹೋವನು ನನಗೆ ಕುರುಬನು ಎನ್ನುವ 23ನೆಯ ಕೀರ್ತನೆಯನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದ ನನ್ನ ತಾಯಿಗೆ ಈ ಚರಿತ್ರೆ ಗೊತ್ತಿರಲಿಲ್ಲ. ಕುರುಬನು ಒಲೆಯ ಬಳಿಯೂ ಇದ್ದಾನೆಂಬುದು ಮಾತ್ರ ಸಂಶಯಕ್ಕೆ ಎಡೆಯಿಲ್ಲದಂತೆ ಗೊತ್ತಿತ್ತು.

ಪುನರುತ್ಥಾನದ ಉಳಿದ ವೃತ್ತಾಂತಗಳನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ಸಮಾಧಿಯ ಬಳಿ ಅಳುತ್ತಿದ್ದ ಮಗ್ದಲದ ಮರಿಯಳು ಆತನನ್ನು ತೋಟಗಾರನೆಂದು ತಿಳಿದಳು. ರಾತ್ರಿಯೆಲ್ಲಾ ಬಲೆ ಬೀಸಿ ಒಂದು ಮೀನೂ ಸಿಗದೆ ದಡಕ್ಕೆ ಬರುತ್ತಿದ್ದ ಶಿಷ್ಯನಾದ ಪೇತ್ರನೂ ಜೊತೆಗಾರರೂ ದಡದಲ್ಲಿ ನಿಂತಿದ್ದವನನ್ನು ಯಾರೋ ಎಂದುಕೊಂಡರು. ಆತನು ಇದ್ದಲ ಬೆಂಕಿ ಹಾಕಿ, ಮೀನು ರೊಟ್ಟಿ ಸಿದ್ಧಪಡಿಸಿ, ಬಂದು ಊಟಮಾಡಿರೆಂದು ಕರೆದನು. ತೋಟಗಾರ, ದಾರಿಹೋಕ, ಅಡುಗೆ ಮಾಡುವವನು. ಮರಣವನ್ನು ಗೆದ್ದ ಕರ್ತನು ತನ್ನನ್ನು ಶಿಲುಬೆಗೆ ಒಪ್ಪಿಸಿದ ಅಧಿಪತಿ ಪಿಲಾತನ ಅರಮನೆಯ ಮುಂದೆ ಮಹಿಮೆಯಿಂದ ಪ್ರತ್ಯಕ್ಷನಾಗಬಹುದಿತ್ತು. ಆತನು ದುಡಿಯುವವರ ಹೊತ್ತಿನಲ್ಲಿ, ದುಡಿಯುವವರ ರೂಪದಲ್ಲಿ, ತನ್ನವರ ಬಳಿಗೆ ಬಂದನು. ದೊಡ್ಡ ಮೈದಾನಗಳ ಸುವಾರ್ತಾ ಕೂಟಗಳಲ್ಲಿ ಆಗುವ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ; ಆದರೆ ಅಲ್ಲಿ ಮೈ ನಡುಗಿದಾಗ ಮಾತ್ರ ದೇವರು ಬಂದನು, ಮನೆಗೆ ಬಂದು ಪಾತ್ರೆ ತೊಳೆಯುವಾಗ ಹೋದನು ಎಂದು ಎಣಿಸುವುದು ಈ ವೃತ್ತಾಂತಗಳಿಗೆ ವಿರುದ್ಧವಾದದ್ದು.

ಗುಳೆ ಹೋಗುವವರನ್ನು ಕಂಡಾಗ ನನಗೆ ರೂತಳ ಪುಸ್ತಕ ನೆನಪಾಗುತ್ತದೆ. ಬೇತ್ಲೆಹೇಮಿನಲ್ಲಿ ಬರ ಬಿದ್ದು ಒಂದು ಕುಟುಂಬ ಮೋವಾಬ್ ದೇಶಕ್ಕೆ ಹೋಗುತ್ತದೆ. ಅಲ್ಲಿ ಆ ಮನೆಯ ತಾಯಿ ನೊವೊಮಿಯ ಗಂಡನೂ ಇಬ್ಬರು ಮಕ್ಕಳೂ ಸಾಯುತ್ತಾರೆ; ತುಂಬಿದವಳಾಗಿ ಹೋದೆ, ಬರಿಗೈಯಲ್ಲಿ ಬಂದೆ ಎಂದು ಆಕೆ ಊರಿನ ಹೆಂಗಸರ ಮುಂದೆ ಹೇಳುತ್ತಾಳೆ. ಲಿಂಗಸುಗೂರಿನಲ್ಲೋ ಕುಷ್ಟಗಿಯಲ್ಲೋ ಈ ಮಾತಿಗೆ ಯಾರೂ ವ್ಯಾಖ್ಯಾನ ಕೇಳುವುದಿಲ್ಲ. ಆ ಪುಸ್ತಕದಲ್ಲಿ ದೇವದೂತರು ಬರುವುದಿಲ್ಲ, ಆಕಾಶದಿಂದ ಧ್ವನಿ ಕೇಳಿಸುವುದಿಲ್ಲ, ಅದ್ಭುತವೊಂದೂ ನಡೆಯುವುದಿಲ್ಲ. ಸೊಸೆಯಾದ ರೂತಳು ಹಕ್ಕಲಾಯಲು, ಅಂದರೆ ಕೊಯ್ಯುವವರು ಬಿಟ್ಟ ತೆನೆ ಆಯಲು, ಹೊರಟಾಗ ಅವಳ ಕಾಲು ಬೋವಜನ ಹೊಲದ ಕಡೆಗೆ ತಿರುಗಿದ್ದು ಅಕಸ್ಮಾತ್ತಾಗಿ ಎಂಬಂತೆ ಬರೆಯಲಾಗಿದೆ. ಆ ಅಕಸ್ಮಾತ್ತಿನಲ್ಲೇ ದೇವರ ಕೈ ಇತ್ತೆಂದು ಓದುಗನು ಪುಸ್ತಕ ಮುಗಿಯುವ ಹೊತ್ತಿಗೆ ಕಾಣುತ್ತಾನೆ, ಏಕೆಂದರೆ ಅವಳ ವಂಶದಲ್ಲಿ ಅರಸನಾದ ದಾವೀದನೂ ಕ್ರಿಸ್ತನೂ ಹುಟ್ಟುತ್ತಾರೆ. ಆದರೆ ಬೆನ್ನು ಬಾಗಿಸಿ ಜವೆಯ ತೆನೆ ಆಯುತ್ತಿದ್ದ ಆ ಮಧ್ಯಾಹ್ನ ಅವಳಿಗೆ ಅದು ತಿಳಿಯುವ ದಾರಿಯಿರಲಿಲ್ಲ. ಅದೇ ಹೊಲಕ್ಕೆ ಬಂದ ಬೋವಜನು ಕೊಯ್ಯುವವರಿಗೆ 'ಯೆಹೋವನು ನಿಮ್ಮ ಸಂಗಡ ಇರಲಿ' ಎನ್ನುತ್ತಾನೆ. ಮಾಲೀಕನು ಕೂಲಿಯವರನ್ನು ಮಾತಾಡಿಸುವ ಮೊದಲ ಮಾತಿನಲ್ಲೇ ದೇವರ ಸಾಮೀಪ್ಯವಿತ್ತು. ಮಾನ್ವಿ, ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ನಾಟಿಗೆ ಇಳಿಯುವ ತಾಯಂದಿರಿಗೆ ಈ ಮಾತನ್ನು ಹೇಳುವ, ಹೇಳಿದಂತೆ ಕೂಲಿಯನ್ನೂ ಸರಿಯಾಗಿ ಕೊಡುವ ವಿಶ್ವಾಸಿ ರೈತರು ನಮ್ಮಲ್ಲಿ ಹೆಚ್ಚಾಗಲೆಂಬುದು ನನ್ನ ಪ್ರಾರ್ಥನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಚೈನು ತುಂಡಾಗಿ ತುಂಬಿದ್ದ ನೀರು ನದಿಗೆ ಹರಿದುಹೋಗತೊಡಗಿದಾಗ ನಾವು ಮನೆಗಳಲ್ಲಿ ಮೊಣಕಾಲೂರಿದೆವು. ಉತ್ತರವು ಬಂದದ್ದು ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟಿನ ಭಾಗಗಳನ್ನು ಇಳಿಸಲು ಜೀವದ ಹಂಗು ತೊರೆದು ಕೆಳಗಿಳಿದ ಕೆಲಸಗಾರರ ಕೈಗಳ ಮೂಲಕ. ಸುಮಾರು ಒಂದು ವಾರದಲ್ಲಿ ನೀರು ನಿಂತಿತು, ಆಮೇಲೆ ಮಳೆಯಾಗಿ ಜಲಾಶಯ ಮತ್ತೆ ತುಂಬಿತು. ಆ ಕೆಲಸಗಾರರು ಯಾವ ಮತದವರೆಂದು ನಾನು ವಿಚಾರಿಸಿಲ್ಲ, ದೇವರೂ ವಿಚಾರಿಸಿರಲಾರನು.

ಆದರೂ ಪ್ರತಿ ಪ್ರಾರ್ಥನೆಗೂ ಹೀಗೆ ಉತ್ತರ ಸಿಗುವುದಿಲ್ಲ. ಬೆಳೆ ಒಣಗಿ ಸಾಲ ಉಳಿದ ಮನೆಯಿದೆ, ಆಸ್ಪತ್ರೆಯಿಂದ ಮಗು ಮರಳಿ ಬಾರದ ಮನೆಯಿದೆ. ಅಂಥವರಿಗೆ ನಿಮ್ಮ ವಿಶ್ವಾಸ ಸಾಲದೆಂದು ಹೇಳುವವರು ಕೀರ್ತನೆಗಳ ಪುಸ್ತಕವನ್ನು ಸರಿಯಾಗಿ ಓದಿಲ್ಲವೆಂದೇ ನನ್ನ ಅಭಿಪ್ರಾಯ. ನಿನ್ನ ಸಮ್ಮುಖದಿಂದ ಓಡಿ ಎಲ್ಲಿಗೆ ಹೋಗಲಿ ಎಂದು ಕೇಳುವ 139ನೆಯ ಕೀರ್ತನೆಯೂ, ಎಷ್ಟರ ತನಕ ನನ್ನನ್ನು ಮರೆತಿರುವೆ ಎಂದು ಕೂಗುವ 13ನೆಯ ಕೀರ್ತನೆಯೂ ಒಂದೇ ಗ್ರಂಥದಲ್ಲಿವೆ, ಎರಡನ್ನೂ ಹಾಡುವಂತೆ ದೇವಜನರಿಗೆ ಕೊಡಲಾಗಿದೆ. ಮರೆತಿದ್ದೀಯಾ ಎಂದು ದೇವರನ್ನೇ ಕೇಳುವವನು ದೇವರು ಕೇಳಿಸಿಕೊಳ್ಳುವಷ್ಟು ಹತ್ತಿರ ಇದ್ದಾನೆಂದು ನಂಬಿಯೇ ಕೇಳುತ್ತಾನೆ. ಅಂಥ ಮನೆಗೆ ಹೋದಾಗ ವಚನಗಳನ್ನು ಸುರಿಯದೆ ಅವರ ಜೊತೆ ಕುಳಿತಿರುವುದು, ನೀರು ತಂದುಕೊಡುವುದು, ಎಮ್ಮಾಹುವಿನ ದಾರಿಯಲ್ಲಿ ಕರ್ತನು ಮಾಡಿದಂತೆ ಮೊದಲು ಕೇಳಿಸಿಕೊಳ್ಳುವುದು ನಮ್ಮ ಪಾಲಿನ ಸೇವೆ.

ಎಮ್ಮಾಹುವಿನ ಹತ್ತಿರ ಬಂದಾಗ ಆತನು ಮುಂದೆ ಹೋಗುವವನಂತೆ ಕಂಡನು. ಸಂಜೆಯಾಯಿತು, ನಮ್ಮ ಸಂಗಡ ಇರು ಎಂದು ಅವರು ಒತ್ತಾಯಪಡಿಸಿದ್ದರಿಂದ ಒಳಕ್ಕೆ ಬಂದನು. ಅವರು ಕರೆದದ್ದು ಕರ್ತನನ್ನೆಂದು ತಿಳಿದು ಅಲ್ಲ, ಕತ್ತಲಾಗುವಾಗ ದಾರಿಹೋಕನನ್ನು ಹೊರಗೆ ಬಿಡಬಾರದೆಂಬ ಮನೆಯ ಧರ್ಮಕ್ಕಾಗಿ. ಊಟಕ್ಕೆ ಕುಳಿತಾಗ ಅತಿಥಿಯೇ ಯಜಮಾನನಂತೆ ರೊಟ್ಟಿ ತೆಗೆದುಕೊಂಡು ಸ್ತೋತ್ರಮಾಡಿ ಮುರಿದು ಕೊಟ್ಟನು. ಅವರ ಕಣ್ಣು ತೆರೆಯಿತು, ಆತನು ಮರೆಯಾದನು. ಕಂಡ ಕ್ಷಣವೇ ಮರೆಯಾದನೆಂದು ಅವರು ಕೊರಗಲಿಲ್ಲ, ಮನೆಯೊಳಗೆ ಹುಡುಕಲಿಲ್ಲ. ಕಾಣದಿದ್ದಾಗಲೂ ಆತನು ದಾರಿಯುದ್ದಕ್ಕೂ ಸಂಗಡ ಇದ್ದನೆಂದು ಈಗ ಅವರಿಗೆ ಗೊತ್ತಾಗಿತ್ತು, ಆದ್ದರಿಂದ ಇನ್ನು ಮುಂದೆ ಕಾಣದಿರುವುದು ಅವರನ್ನು ಹೆದರಿಸಲಾರದಾಗಿತ್ತು. ಸಭೆಯಲ್ಲಿ ಯೇಸುವಿನ ನೆನಪಿಗಾಗಿ ರೊಟ್ಟಿ ಮುರಿಯುವ ಕರ್ತನ ರಾತ್ರಿಭೋಜನದ ಮೇಜಿನಿಂದ ಎದ್ದು ಮನೆಗೆ ಬಂದು ಜೋಳದ ರೊಟ್ಟಿ ಮುರಿಯುವಾಗಲೂ ಸ್ತೋತ್ರ ಹೇಳುವ ವಾಡಿಕೆ ನಮ್ಮ ಹಿರಿಯರಲ್ಲಿದ್ದದ್ದು ಇದೇ ನಂಬಿಕೆಯಿಂದ. ಮಕ್ಕಳು ಹಸಿದಿದ್ದಾರೆಂದು ಈಗ ಅದನ್ನು ಬಿಟ್ಟುಬಿಡುವ ಮನೆಗಳಿವೆ. ಬಿಡಬಾರದು, ಅದಕ್ಕೆ ತಗಲುವ ಹೊತ್ತು ಬಹಳ ಕಡಿಮೆ.

ನಮ್ಮ ಮನೆಯಲ್ಲಿ ಹಬ್ಬದ ಮರುದಿನ, ಊರು ಬಿಟ್ಟು ಹೋಗುವವರು ಹೊರಡುವ ಮೊದಲು, ಈ ಅಧ್ಯಾಯವನ್ನು ಓದುತ್ತೇವೆ; ಮನೆಯವರೆಲ್ಲ ಸೇರಿದರೆ ಗಟ್ಟಿಯಾಗಿ, ಇಲ್ಲದಿದ್ದರೆ ಫೋನಿನಲ್ಲಿ. ಆ ಇಬ್ಬರೂ ಅದೇ ಗಳಿಗೆಯಲ್ಲಿ ಎದ್ದು ಬಂದ ದಾರಿಯನ್ನೇ ಹಿಡಿದು ಯೆರೂಸಲೇಮಿಗೆ ಹಿಂತಿರುಗುವ ವಚನಕ್ಕೆ ನಿಲ್ಲಿಸದೆ ಮುಂದಕ್ಕೂ ಓದುತ್ತೇವೆ. ಅವರು ಕೂಡಿಬಂದವರ ಮುಂದೆ ನಡೆದದ್ದನ್ನು ಹೇಳುತ್ತಿರುವಾಗಲೇ ಯೇಸು ಅವರ ನಡುವೆ ನಿಂತು ಸಮಾಧಾನವನ್ನು ನುಡಿಯುತ್ತಾನೆ, ಭೂತವೆಂದು ಹೆದರಿದವರಿಗೆ ತನ್ನ ಕೈಕಾಲುಗಳನ್ನು ತೋರಿಸುತ್ತಾನೆ, ಆಮೇಲೆ ತಿನ್ನುವುದಕ್ಕೆ ನಿಮ್ಮಲ್ಲಿ ಏನಾದರೂ ಉಂಟೋ ಎಂದು ಕೇಳಿ, ಅವರು ಕೊಟ್ಟ ಸುಟ್ಟ ಮೀನಿನ ತುಂಡನ್ನು ಅವರೆದುರಿಗೇ ತಿನ್ನುತ್ತಾನೆ.